ಇರುವೆ ಸರಿಯಾಗಿಯೇ ಓದಿದ್ದಳು

ಭಾನುವಾರ, ಮಧ್ಯಾಹ್ನ

ನನ್ನ ಚಿನ್ನೂಗೆ,

ಅಮ್ಮನ ಆಶೀರ್ವಾದ, ಜೊತೆಗೊಂದು ಬೈಗುಳ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ ನೀನು, ದನಿಯಲ್ಲೇ ಗೊತ್ತಾಗುತ್ತದೆ.

ನಿನ್ನ ಮಗರಾಯ ಪುಸ್ತಕ ಕಂಡರೆ ಮಂಚದಡಿ ಸೇರಿಕೊಳ್ಳುತ್ತಾನೆ, ಏನು ಓದಿಸಲಿ ಅಂತ ಫೋನಿನಲ್ಲಿ ಕೇಳಿದೆಯಲ್ಲ. ನನ್ನ ಎರಡನೇ ಕ್ಲಾಸಿನ ಮಕ್ಕಳು ಕಿತ್ತಾಡುವುದು ಮೂರೇ ಪುಸ್ತಕಗಳಿಗೆ: ಬಸ್ಸಿನಲ್ಲಿ ಹಿಡಿಸದ ಆನೆಯದು, ಸೀನು ನಿಲ್ಲದ ಮೊಸಳೆಯದು, ಮನೆಮನೆಯ ಚಪ್ಪಲಿ ಅದಲುಬದಲು ಮಾಡುವ ಇಲಿಯದು. ಮೊಸಳೆಯಿಂದ ಶುರುಮಾಡು. ಸೀನಬೇಕಾದ ಕಡೆ ನೀನೇ ಸೀನಬೇಕು, ಜೋರಾಗಿ, ನಾಚಿಕೆ ಬಿಟ್ಟು. ಓದು ಓದು ಅಂತ ಅವನ ಪ್ರಾಣ ತಿನ್ನಬೇಡ. ಪ್ರತಿ ಪುಟದ ಕೊನೆಯ ಪದ ಹೇಳದೆ ಸುಮ್ಮನಾಗಿಬಿಡು, ತಡೆಯಲಾರದೆ ಅವನೇ ಹೇಳುತ್ತಾನೆ.

ಇಷ್ಟಕ್ಕೇ ಕಾಗದ ಮುಗಿಸಬಹುದಿತ್ತು. ಆಗುತ್ತಿಲ್ಲ ಕಣೇ. ಈ ಪುಸ್ತಕಗಳನ್ನು ನಾನೀಗ ಮಕ್ಕಳಿಗೆ ಓದಿ ಹೇಳುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದೇನೆ. ನನಗೆ ಓದಲು ಬರುವುದಿಲ್ಲ.

ರಜೆಯಲ್ಲಿ ಜ್ವರ ಅಂದಿದ್ದೆನಲ್ಲ, ಅದು ಜ್ವರವಲ್ಲ. ಒಂದು ಬೆಳಿಗ್ಗೆ ಎದ್ದು ಪೇಪರ್ ಬಿಡಿಸಿದರೆ ಯಾವುದೋ ಗೊತ್ತಿಲ್ಲದ ಲಿಪಿ. ಬೇರೆ ಯಾರದೋ ಪೇಪರ್ ಇಲ್ಲಿ ಎಸೆದು ಹೋಗಿದ್ದೀಯ ಅಂತ ಪೇಪರಿನವನಿಗೆ ಬೈದೆ, ಪಾಪ. ತಲೆಯೊಳಗೆ ಒಂದು ಕಡೆ ರಕ್ತ ಹೆಪ್ಪುಗಟ್ಟಿದೆ ಅಂದರು ಡಾಕ್ಟರು. ಕಣ್ಣು ಚೆನ್ನಾಗಿದೆ, ಕೈ ಬರೆಯುತ್ತದೆ, ಬರೆದದ್ದು ಮಾತ್ರ ಕಣ್ಣಿಗೆ ಗುರುತು ಸಿಗುವುದಿಲ್ಲ. ಹೀಗೂ ಉಂಟೇ ಅಂದೆ. ಉಂಟು ಅಂದರು. ವಾಸಿಯಾಗುತ್ತದೆಯೇ ಅಂದರೆ, ನೋಡೋಣ ಅಂದರು. ಈಗ ಬರೆದ ಈ ಸಾಲು ನಾಳೆ ನನಗೇ ಅಪರಿಚಿತ. ನಿನಗೆ ಹೇಳಿದ್ದರೆ ನೀನು ಆವತ್ತೇ ಬಂದು ಕೆಲಸ ಬಿಡಿಸುತ್ತಿದ್ದೆ. ಆ ಕ್ಲಾಸ್‌ರೂಮು ಬಿಟ್ಟರೆ ನನಗೆ ಇನ್ನೇನಿದೆ ಹೇಳು. ಅದಕ್ಕೇ ಬಾಯಿ ಬಿಡಲಿಲ್ಲ.

ಶಾಲೆ ಶುರುವಾದ ಮೇಲೆ ಏನೇನು ಆಟ ಕಟ್ಟಿದೆ ಅಂತೀಯ! ಪುಸ್ತಕ ಹಿಡಿದು ಪುಟ ತಿರುವುತ್ತಾ ಹಳೆಯ ಕಥೆ ಹೇಳುವುದು. ಒಂದು ಪದ ಆಚೀಚೆ ಆದರೂ ಇಡೀ ಕ್ಲಾಸು ಮಿಸ್ ತಪ್ಪು ಅಂತ ಕೂಗುತ್ತದೆ, ತಿದ್ದಿಕೊಳ್ಳುವುದು. ಹಗ್ಗಕ್ಕೆ ಅಕ್ಷರದ ಕಾರ್ಡುಗಳನ್ನು ಕ್ಲಿಪ್ಪು ಹಾಕಿ ನೇತುಹಾಕಿಸಿ, ಪದ ಜೋಡಿಸಿದ್ದು ಸರಿಯೋ ತಪ್ಪೋ ಅವರವರಲ್ಲೇ ತೀರ್ಮಾನ ಮಾಡಿಸುವುದು. ಇವತ್ತು ನೀವೇ ಟೀಚರು, ನಾನು ದಡ್ಡ ಹುಡುಗಿ ಅಂತ ಹಿಂದಿನ ಬೆಂಚಿನಲ್ಲಿ ಕೂತುಬಿಡುವುದು. ಮಕ್ಕಳಿಗೆ ಖುಷಿಯೋ ಖುಷಿ. ಹೆಡ್ ಮೇಡಂ ಬೇರೆ ಟೀಚರುಗಳನ್ನೆಲ್ಲ ಕರೆತಂದು, ಮಕ್ಕಳೇ ಮಕ್ಕಳಿಗೆ ಕಲಿಸುವ ಹೊಸ ವಿಧಾನ ನೋಡಿ, ಕಲಿಯಿರಿ ಅಂದರು. ಅಳಬೇಕೋ ನಗಬೇಕೋ ತಿಳಿಯದೆ ಬೆಂಚಿನ ಮೇಲೆ ಬೆಪ್ಪಳ ಹಾಗೆ ಕೂತಿದ್ದೆ. ದಡ್ಡ ಹುಡುಗಿಯ ಪಾತ್ರ ಅಷ್ಟು ಚೆನ್ನಾಗಿ ಯಾರೂ ಮಾಡಿಲ್ಲವಂತೆ.

ಆಮೇಲೆ ಹೊಸ ಪುಸ್ತಕಗಳ ಪೆಟ್ಟಿಗೆ ಬಂತು. ಪ್ರತಿ ಮಗುವೂ ಹಿಂದೆ ನೋಡಿರದ ಪುಸ್ತಕದಿಂದ ಒಂದು ಪುಟ ಓದಬೇಕು, ಟೀಚರು ಪಕ್ಕದಲ್ಲಿ ಕೂತು ಕೇಳಿ, ಓದಲು ಬರುತ್ತದೆ ಅಥವಾ ಬರುವುದಿಲ್ಲ ಅಂತ ಬರೆಯಬೇಕು. ಬರದವರು ಒಂದನೇ ಕ್ಲಾಸಿಗೆ ವಾಪಸ್ಸು. ಕಿವಿ ಇದೆಯಲ್ಲ, ಸಂಭಾಳಿಸೋಣ ಅಂದುಕೊಂಡೆ.

ನನ್ನ ಕ್ಲಾಸಿನಲ್ಲಿ ಒಬ್ಬನಿದ್ದಾನೆ, ಅವನ ಗಂಟಲಿಗೆ ನಾವಿಟ್ಟ ಹೆಸರು ಢಂಗೂರ. ಅವನು ಗಾಳಿಪಟ ಮರಕ್ಕೆ ಸಿಕ್ಕಿಕೊಂಡ ಕಥೆಯನ್ನು ಒಂದೇ ಉಸಿರಿಗೆ ಗಡಗಡ ಓದಿದ. ನನ್ನ ಕಣ್ಣಲ್ಲಿ ನೀರೇ ಬಂತು. ಬಹಳ ಚೆನ್ನಾಗಿ ಓದುತ್ತಾನೆ ಅಂತ ಬರೆದೆ. ಅದೇ ಪುಟವನ್ನು ಇರುವೆಗೂ ಕೊಟ್ಟೆ. ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಹತ್ತಿ ಇಳಿಯುವ ಹುಡುಗಿ ಅವಳು, ಅದಕ್ಕೇ ಇರುವೆ. ತಡವರಿಸಿದಳು, ನಿಂತಳು, ಹಿಂದೆ ಹೋಗಿ ಮತ್ತೆ ಶುರುಮಾಡಿದಳು. ಅವಳು ಹೇಳಿದ್ದರಲ್ಲಿ ಗಾಳಿಪಟವೂ ಇರಲಿಲ್ಲ, ಮರವೂ ಇರಲಿಲ್ಲ. ಒತ್ತಕ್ಷರ ಬಂದ ಕಡೆ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು. ನಾನು ಏನು ಹೇಳಿಕೊಡಲಿ? ಓದಲು ಬರುವುದಿಲ್ಲ ಅಂತ ಬರೆದೆ.

ಮಾರನೆಯ ವಾರ ಇನ್ನೊಬ್ಬಳು ಆ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟು, ಢಂಗೂರ ಓದಿದ್ದು ಇದರಲ್ಲಿ ಇಲ್ಲವೇ ಇಲ್ಲ ಮಿಸ್ ಅಂದಳು. ಚಿತ್ರ ನೋಡಿ ಕಥೆ ಕಟ್ಟಿದ್ದನಂತೆ ಕಳ್ಳ. ಅವಳೇ ಓದಿ ಹೇಳಿದ ಮೇಲೆ ಗೊತ್ತಾಯಿತು, ಪುಸ್ತಕದಲ್ಲಿರುವುದು ಬಟ್ಟೆ ಒಣಗಿಸುವ ಹಗ್ಗದ ಮೇಲೆ ಸಿಕ್ಕಿಕೊಂಡ ಮೋಡದ ಕಥೆ. ಮೋಡ, ಹಗ್ಗ, ಒದ್ದೆ ಅಂಗಿ. ಇರುವೆ ತಡವರಿಸಿದ್ದು ಅದೇ ಪದಗಳಲ್ಲಿ. ಅಷ್ಟು ಹೊತ್ತಿಗೆ ಅವಳು ಚೀಲ ಎತ್ತಿಕೊಂಡು ಕೆಳಗಿನ ಕ್ಲಾಸಿಗೆ ಹೋಗಿಯಾಗಿತ್ತು.

ಅವಳ ಅಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅರ್ಧ ದಿನ ರಜ ಹಾಕಿ ಬಂದಿದ್ದರು. ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಪುಟ ಬಿಡಿಸಿ ಮುಂದೆ ಹಿಡಿದು, ಎಲ್ಲಿ ತಪ್ಪಿದಳು ತೋರಿಸಿ ಮಿಸ್, ಮನೆಯಲ್ಲಿ ತಿದ್ದಿಸುತ್ತೇನೆ ಅಂದರು. ಉಚ್ಚಾರಣೆ ಸಾಲದು ಅಂತ ಏನೋ ಒದರಿದೆ. ಆಯಮ್ಮ ಥ್ಯಾಂಕ್ಸ್ ಹೇಳಿ ಹೋದರು.

ಮೇಡಂ ಹತ್ತಿರ ಹೋಗಿ, ಇರುವೆಯ ವಿಷಯದಲ್ಲಿ ತಪ್ಪಾಗಿದೆ ಅಂದೆ. ನಿಮ್ಮ ಮುಂದೆಯೇ ಕೂತು ಓದಿದಳಲ್ಲ, ತಪ್ಪಾದದ್ದು ಹೇಗೆ ಹೇಳಿ, ತಿದ್ದೋಣ ಅಂದರು. ಹೇಗೆ ಅಂತ ಹೇಳಿದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು. ಇಲ್ಲ, ಸುಮ್ಮನೆ ಅನುಮಾನ ಬಂತು ಅಂತ ಹೇಳಿ ಎದ್ದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಈಗ ಇರುವೆ ಚಿಕ್ಕ ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂರುತ್ತಾಳೆ, ಆ ಬೆಂಚು ಅವಳಿಗೆ ಗಿಡ್ಡ. ಓದು ಅಂದರೆ ಬಾಯಿಯೇ ಬಿಡುವುದಿಲ್ಲವಂತೆ, ಬೆರಳನ್ನೂ ಪುಸ್ತಕದ ಮೇಲೆ ಇಡುವುದಿಲ್ಲವಂತೆ. ಮೊನ್ನೆ ನಲ್ಲಿಯ ಹತ್ತಿರ ಸಿಕ್ಕಳು. ನನಗೆ ನಿಜವಾಗಲೂ ಓದಲು ಬರುವುದಿಲ್ಲವಾ ಮಿಸ್ ಅಂತ ಕೇಳಿದಳು. ಓದಲು ಬರದವಳು ನಾನು ಕಂದಾ ಅನ್ನಬೇಕಿತ್ತು. ತಲೆ ಸವರಿ ಬಂದೆ.

ಮಂಡಿ ನೋವು, ದೀರ್ಘ ರಜೆ ಬೇಕು ಅಂತ ಮೇಡಂಗೂ ಇವತ್ತೇ ಒಂದು ಕಾಗದ ಬರೆದಿದ್ದೇನೆ. ಇರುವೆಯ ಹೆಸರೆತ್ತಲು ನೋಡಿದೆ, ಕೈ ಓಡಲಿಲ್ಲ. ರಜೆ ಹಾಕಿ ನಾನೇನೋ ತಪ್ಪಿಸಿಕೊಳ್ಳುತ್ತೇನೆ. ಅವಳು ಆ ಗಿಡ್ಡ ಬೆಂಚಿನಲ್ಲೇ ಉಳಿಯುತ್ತಾಳೆ. ಏನು ಮಾಡಲಿ ಹೇಳು ಮಗಳೇ. ಮಕ್ಕಳಿಗೆ ಧೈರ್ಯ ಹೇಳಿಕೊಟ್ಟ ಬಾಯಿ ಇದು, ನನಗೇ ಧೈರ್ಯವಿಲ್ಲ.

ಮಗರಾಯನಿಗೆ ನನ್ನ ಪರವಾಗಿ ಒಂದು ಸೀನು.

ನಿನ್ನ
ಅಮ್ಮ

ತಾ.ಕ.: ಮರೆಯಬಾರದು ಅಂತ ಎರಡೂ ಕವರಿನ ಮೇಲೆ ಬೆಳಿಗ್ಗೆಯೇ ವಿಳಾಸ ಬರೆದಿಟ್ಟಿದ್ದೆ, ಬುದ್ಧಿವಂತೆ. ಈಗ ಯಾವುದು ನಿನ್ನದು, ಯಾವುದು ಮೇಡಂದು, ಗೊತ್ತಾಗುತ್ತಿಲ್ಲ. ಕೆಳಗಿನ ಮನೆಯವರನ್ನು ಕೇಳಿದರೆ ನೋಡಿದ ಕೂಡಲೇ ಹೇಳುತ್ತಾರೆ. ಕೇಳುವುದಿಲ್ಲ. ಕೈಗೆ ಸಿಕ್ಕ ಕವರಿಗೆ ಇದನ್ನು ಹಾಕಿ ಅಂಟಿಸುತ್ತಿದ್ದೇನೆ. ಓದುತ್ತಿರುವುದು ನೀವಾದರೆ, ಮೇಡಂ, ಮೇಲೆ ಬರೆದದ್ದೆಲ್ಲ ನಿಜ. ನನ್ನನ್ನು ಏನು ಮಾಡಬೇಕೆಂದು ಆಮೇಲೆ ಯೋಚಿಸಿ. ಮೊದಲು ಹೋಗಿ ಆ ಮಗುವಿಗೆ ಹೇಳಿ, ನೀನು ಸರಿಯಾಗಿಯೇ ಓದಿದ್ದೆ ಅಂತ.