ಲೆಕ್ಕಕ್ಕಿಲ್ಲದ ಬಿಸಿ ಕೋಣೆ

ಆಷ್ಟಬ್ಯೂಲಾ ಬಂದರು, ಓಹಾಯೊ
ನವೆಂಬರ್ ಒಂಬತ್ತು, ಶನಿವಾರ

ಪ್ರೀತಿಯ ಆರ್ನಿ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. "ಪರವಾಗಿಲ್ಲ" ಎಂದು ಮಾತ್ರ ಬರೆಯಬೇಡ. ಜೂನ್‌ನಲ್ಲಿ ಹಡಗಿನ ಏಣಿಯಿಂದ ಜಾರಿ ಬಿದ್ದಾಗಲೂ ನೀನು ಪರವಾಗಿಲ್ಲ ಎಂದೇ ಹೇಳಿದ್ದೆ. ಮೂಳೆ ಬಿರುಕು ಬಿಟ್ಟ ವಿಷಯ ನನಗೆ ತಿಳಿದದ್ದು ನಿಮ್ಮ ಅಡುಗೆಯವನ ಹೆಂಡತಿಯಿಂದ. ಎಡಗೈ ಬೆರಳು ಜೋಮು ಹಿಡಿಯುವುದು ಕಡಿಮೆಯಾಯಿತೇ? ಉಣ್ಣೆಯ ಕಾಲುಚೀಲ ಎರಡು ಜೊತೆ ಇದರೊಂದಿಗೆ ಕಳಿಸಿದ್ದೇನೆ. ಡೆಟ್ರಾಯಿಟ್‌ನಲ್ಲಿ ಅಂಚೆ ದೋಣಿ ನಿಮ್ಮ ಹಡಗಿನ ಮಗ್ಗುಲಿಗೆ ಬಂದಾಗ ಕಾಗದ ಮೇಲೆತ್ತಿಕೊಳ್ಳಲು ಹಗ್ಗದಲ್ಲಿ ಬಕೆಟ್ ಇಳಿಸುವವನು ನೀನಾಗಿರಬೇಡ, ಬೇರೆ ಯಾರಾದರೂ ಬಗ್ಗಲಿ. ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ಮೂರು ಮಾತು ಆಡುವಷ್ಟರಲ್ಲಿ ನೀನು "ಆಯ್ತು ಬಿಡು ಲೆಂಪಿ, ಇನ್ನೊಂದು ವರ್ಷ ಹಡಗಿಗೆ ಹೋಗ್ತೀನಿ" ಎಂದುಬಿಡುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ನಿನಗಾಗುವುದಿಲ್ಲ.

ಮನೆಯ ಸಮಾಚಾರ ಅರ್ಧ ನಿನಗೆ ಗೊತ್ತು. ಕೊಳ್ಳುವವರು ಒಂದು ಲಕ್ಷ ಎಂಬತ್ತೊಂಬತ್ತು ಸಾವಿರಕ್ಕೆ ಒಪ್ಪಿದ್ದರು, ನಮ್ಮ ಏಜೆಂಟ್ ಬ್ರೆಂಡಾ ಆಗಲೇ ಕೇಕ್ ತಂದು ಕೊಟ್ಟಿದ್ದಳು. ಆಮೇಲೆ ಅವರ ಬ್ಯಾಂಕು ಬೆಲೆ ಕಟ್ಟಲು ಟಿಲ್ಮನ್ ಎಂಬ ಮನುಷ್ಯನನ್ನು ಕಳಿಸಿತು. ನಿನ್ನ ವಯಸ್ಸಿನವನೇ, ಮರ್ಯಾದಸ್ಥ, ಒಳಗೆ ಬರುವಾಗ ಬೂಟು ಬಿಚ್ಚಿದ. ಏಲಕ್ಕಿ ಬ್ರೆಡ್ಡು ಕೊಟ್ಟರೆ ಎರಡು ತುಂಡು ತಿಂದ. ಮನೆಯ ಹೊರಗೋಡೆಯನ್ನೆಲ್ಲ ಅಳೆದ, ತಲೆ ಕೆರೆದುಕೊಂಡ, ಮತ್ತೆ ಮೊದಲಿಂದ ಅಳೆದ. ಜಾಹೀರಾತಿನಲ್ಲಿ ಸಾವಿರದ ಆರುನೂರ ನಾಲ್ಕು ಚದರಡಿ ಎಂದಿತ್ತು. ಅವನಿಗೆ ಸಿಕ್ಕಿದ್ದು ಸಾವಿರದ ಮುನ್ನೂರ ಎಂಬತ್ತು. ನಡುವಿನ ಇನ್ನೂರ ಇಪ್ಪತ್ನಾಲ್ಕು ಎಲ್ಲಿ ಹೋಯಿತು ಎಂದು ನಾನು ಕೇಳಿದಾಗ ಅವನು ಹಿತ್ತಿಲ ಕಡೆಗೆ ನೋಡಿದ. ಹದಿನಾಲ್ಕು ಅಗಲ, ಹದಿನಾರು ಉದ್ದ. ನೀನೂ ನಿನ್ನಪ್ಪನೂ ಮೂರು ಚಳಿಗಾಲ ಕೂತು ಕಟ್ಟಿದ ಸೌನಾ, ಕಾದ ಕಲ್ಲಿಗೆ ನೀರು ಹುಯ್ದು ಉಗಿಯಲ್ಲಿ ಬೆವರುತ್ತಿದ್ದ ಆ ಕೋಣೆ, ಅದರ ಮುಂದಿನ ಬಟ್ಟೆ ಬದಲಿಸುವ ಕೋಣೆ, ಬೆಂಚು, ಎಲ್ಲಾ. "ಅಲ್ಲಿಗೆ ಹೋಗ್ಬೇಕಾದ್ರೆ ಹೊರಗಡೆ ಕಾಲಿಡ್ಬೇಕಲ್ಲಮ್ಮ. ಮನೆ ಹೀಟರಿನ ಗಾಳಿನೂ ಅಲ್ಲಿಗೆ ಹೋಗಲ್ಲ. ಅದು ಮನೆ ಲೆಕ್ಕಕ್ಕೆ ಬರಲ್ಲ," ಎಂದ. ಹೇಳಲು ಅವನಿಗೂ ಇಷ್ಟವಿರಲಿಲ್ಲ, ಅದು ಕಾಣುತ್ತಿತ್ತು. ಅವನು ಕಟ್ಟಿದ ಬೆಲೆ ಒಂದು ಲಕ್ಷ ಅರವತ್ತೈದು ಸಾವಿರ. ಅದಕ್ಕಿಂತ ಒಂದು ಡಾಲರ್ ಹೆಚ್ಚಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರ ಕೈಯಲ್ಲೂ ಇಲ್ಲ.

ಈಗ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಆ ತಪ್ಪು ಸಂಖ್ಯೆ ಎಲ್ಲಿಂದ ಬಂತು ಎಂದು ಬ್ರೆಂಡಾ ಕೌಂಟಿ ಕಚೇರಿಯ ಕಡತ ತೆಗೆಸಿದಳು. ತೊಂಬತ್ತೊಂಬತ್ತರ ಚೀಟಿ, ಅದರ ಕೆಳಗೆ ನನ್ನದೇ ಸಹಿ. ನೋಡಿದ ಕೂಡಲೇ ಎಲ್ಲ ನೆನಪಾಯಿತು. ತೆರಿಗೆಯವನು ಬಂದಾಗ ನೀನು ಹಡಗಿನಲ್ಲಿದ್ದೆ. ಅವನು ಊರಿಗೆ ಹೊಸಬ, ನಮ್ಮ ಕಡೆಯವನಲ್ಲ. ಹಿತ್ತಿಲ ಕಟ್ಟಡ ತೋರಿಸಿ "ಅಲ್ಲಿ ಬಿಸಿ ಇದೆಯಾ?" ಎಂದು ಕೇಳಿದ. ಫಿನ್ನಿಷ್ ಮನೆಯ ಸೊಸೆಯನ್ನು ಸೌನಾದಲ್ಲಿ ಬಿಸಿ ಇದೆಯಾ ಎಂದು ಕೇಳುವುದೇ? ನಾನು ನಕ್ಕು ನಕ್ಕು ಸುಸ್ತಾದೆ. "ಇಡೀ ಮನೇಲಿ ಅಷ್ಟು ಬಿಸಿ ಇನ್ನೆಲ್ಲೂ ಇಲ್ಲ, ಶನಿವಾರ ಬಂದು ಕೂತು ನೋಡಿ," ಎಂದೆ. ಅವನು ನಗಲಿಲ್ಲ. ಬಿಸಿ ಇದೆ ಎಂದು ಬರೆದುಕೊಂಡು ಮನೆಯ ಅಳತೆಗೆ ಸೇರಿಸಿದ. ಅವನು ಕೇಳಿದ್ದು ಹೀಟರಿನ ಬಿಸಿ, ನಾನು ಹೇಳಿದ್ದು ಕಲ್ಲಿನ ಬಿಸಿ. ಇಪ್ಪತ್ತೈದು ವರ್ಷ ನಾವು ಆ ಕೋಣೆಗೂ ಮನೆಯ ದರದಲ್ಲೇ ತೆರಿಗೆ ಕಟ್ಟಿದ್ದೇವೆ, ಆರ್ನಿ. ಕಟ್ಟುವಾಗ ಅದು ಮನೆ, ಮಾರುವಾಗ ಅಲ್ಲ. ನನಗೆ ಕೋಪ ಮಾಡಿಕೊಳ್ಳುವ ಶಕ್ತಿಯೂ ಉಳಿದಿಲ್ಲ. ಬೈಯಬೇಕೆಂದರೆ ನನ್ನನ್ನೇ ಬೈ, ಆದರೆ ಬಂದು ಎದುರಿಗೆ ನಿಂತು ಬೈ.

ಇವತ್ತು ಶನಿವಾರ, ಆದರೂ ಒಲೆ ಹಚ್ಚಿಲ್ಲ. ಒಬ್ಬಳಿಗೋಸ್ಕರ ಅಷ್ಟು ಸೌದೆ ಯಾಕೆ ಎಂದುಕೊಂಡು ಸುಮ್ಮನೆ ಬೆಂಚಿನ ಮೇಲೆ ಕೂತು ಬಂದೆ. ನಿನ್ನಪ್ಪ ಕೊನೆಯ ಸಲ ಬೆನ್ನಿಗೆ ನೀರು ಹುಯ್ಯಿಸಿಕೊಂಡದ್ದು ಅಲ್ಲೇ. ಕರೀನ್ ಹೊಟ್ಟೆಯಲ್ಲಿದ್ದಾಳೆಂದು ನಿನಗೆ ನಾನು ಹೇಳಿದ್ದೂ ಅಲ್ಲೇ, ನೀನು ಸೌಟು ಕೆಳಗೆ ಬೀಳಿಸಿದೆ. ಟಿಲ್ಮನ್ ಪಾಪ, ಅವನ ತಪ್ಪೇನೂ ಇಲ್ಲ, ಆದರೂ ಅವನ ಕಾಗದದಲ್ಲಿ ಆ ಜಾಗದಲ್ಲಿ ಬರೆದದ್ದು ಬರೀ ಸೊನ್ನೆ.

ಇನ್ನು ಈರಿ ಊರಿನಲ್ಲಿ ನಾವು ಕೊಳ್ಳಬೇಕೆಂದಿರುವ ಮನೆಯ ವಿಷಯ. ಮೆಟ್ಟಿಲು ಹತ್ತುವ ಗೋಜಿಲ್ಲ, ಮಲಗುವ ಕೋಣೆ ಅಡುಗೆಮನೆ ಎಲ್ಲ ಒಂದೇ ಅಂತಸ್ತಿನಲ್ಲಿ, ಕರೀನಳ ಮನೆಗೆ ನಾಲ್ಕೇ ಬೀದಿ. ಇಲ್ಲಿ ಇಪ್ಪತ್ತನಾಲ್ಕು ಸಾವಿರ ಖೋತಾ ಆದ ಮೇಲೆ ಅದು ನಮ್ಮ ಕೈಗೆಟುಕುವುದಿಲ್ಲ ಎಂದುಕೊಂಡೇ ಮಂಗಳವಾರ ಇನ್ನೊಮ್ಮೆ ನೋಡಲು ಹೋದೆ. ನಿನ್ನ ಉಕ್ಕಿನ ಟೇಪು ಚೀಲದಲ್ಲಿತ್ತು, ಪರದೆ ಅಳೆಯುತ್ತೇನೆಂದು ಹೇಳಿ ಎಲ್ಲ ಅಳೆದೆ. ಮನೆಯೊಡತಿ ಫಿಲೊಮೆನಾ, ಎಂಬತ್ತೆರಡರ ವಿಧವೆ, ಇಟಲಿಯವರ ಪೈಕಿ. ಮಗನ ಮನೆಗೆ ಹೋಗುತ್ತಾಳಂತೆ, ಹೋಗಲು ಮನಸ್ಸಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿದವಳು ಅವಳೇ. ಮೇಲೆ ಥಳಥಳ ಹೊಳೆಯುವ ಅಡುಗೆಮನೆ ಇದೆ, ಅದರ ಒಲೆಯಲ್ಲಿ ಯಾರೂ ಮೊಟ್ಟೆಯನ್ನೂ ಬೇಯಿಸಿದ ಹಾಗಿಲ್ಲ. "ಅದು ನೆಂಟರಿಗೆ ತೋರಿಸೋಕೆ. ನಿಜವಾದ್ದು ಕೆಳಗಿದೆ, ಬಾ," ಎಂದು ನೆಲಮಾಳಿಗೆಗೆ ಕರೆದೊಯ್ದಳು. ಅಲ್ಲಿ ಅವಳ ಗಂಡ ಕಟ್ಟಿಕೊಟ್ಟ ಇನ್ನೊಂದು ಅಡುಗೆಮನೆ. ಎರಡು ಒಲೆ, ಹನ್ನೆರಡು ಜನ ಕೂರುವ ಮೇಜು, ಗೋಡೆಯುದ್ದಕ್ಕೂ ಟೊಮೆಟೊ ಸಾರಿನ ಶೀಶೆಗಳು. ನಲವತ್ತೆಂಟು ವರ್ಷ ಆ ಮನೆಯವರು ಬದುಕಿದ್ದೇ ಅಲ್ಲಿ. ನನ್ನನ್ನು ಕೂರಿಸಿ ತಟ್ಟೆ ತುಂಬ ಪಾಸ್ತಾ ಬಡಿಸಿದಳು, ಸಾಕು ಎಂದರೂ ಕೇಳಲಿಲ್ಲ. ತಿಂಗಳಿಂದೀಚೆಗೆ ಇನ್ನೊಬ್ಬರು ಮಾಡಿ ಹಾಕಿದ ಬಿಸಿ ಊಟ ಉಂಡದ್ದು ಅದೊಂದೇ ಸಲ.

ಕರೀನ್ ನಿನಗೆ ಮುತ್ತು ಕಳಿಸಿದ್ದಾಳೆ. ಕ್ಯಾಪ್ಟನ್ನಿಗೆ ನನ್ನ ನಮಸ್ಕಾರ ಹೇಳು, ಬಿರುಗಾಳಿಯ ತಿಂಗಳು, ದುಡುಕಬೇಡ ಎಂದೂ ಹೇಳು. ರಾತ್ರಿ ಮಾತ್ರೆ ಮರೆಯಬೇಡ. ಸರೋವರದ ಮೇಲೆ ನಿನ್ನನ್ನು ಕಾಯುವವನು ಕಾಯಲಿ, ದಡದಲ್ಲಿ ನಾನಿದ್ದೇನೆ.

ಮೂವತ್ತಾರು ವರ್ಷದಿಂದ ಕಿಟಕಿಯಲ್ಲೇ ನಿಂತಿರುವ ನಿನ್ನ
ಲೆಂಪಿ

ಮತ್ತೆ: ಲಕೋಟೆ ಅಂಟಿಸಿದ್ದೆ, ಈಗ ಬಿಚ್ಚಿ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಹೇಳಬೇಕಾದದ್ದನ್ನೇ ಹೇಳದೆ ಕಳಿಸಿದಂತಾಗುತ್ತಿತ್ತು. ಈರಿಯ ಮನೆ ಸಾವಿರದ ಇನ್ನೂರ ನಲವತ್ತು ಚದರಡಿ ಎಂದು ಜಾಹೀರಾತು. ನಾನು ಅಳೆದದ್ದು ಮೇಲೆ ಒಂಬೈನೂರ ಎಂಬತ್ತು. ಉಳಿದದ್ದು ಆ ನೆಲಮಾಳಿಗೆಯ ಅಡುಗೆಮನೆ. ನೆಲದ ಕೆಳಗಿನದು ಯಾವತ್ತೂ ಲೆಕ್ಕಕ್ಕಿಲ್ಲ, ನಮ್ಮ ಮನೆ ಅಳೆದ ದಿನ ಟಿಲ್ಮನ್ ಅದನ್ನೂ ಹೇಳಿದ್ದ. ಕಾರಿನಲ್ಲಿ ಅರ್ಧ ಗಂಟೆ ಕೂತಿದ್ದು ಆಮೇಲೆ ಬ್ರೆಂಡಾಳಿಗೆ ಫೋನ್ ಮಾಡಿ ಆ ಅಳತೆ ಹೇಳಿಬಿಟ್ಟೆ. ಶುಕ್ರವಾರದ ಹೊತ್ತಿಗೆ ಬೆಲೆ ಇಪ್ಪತ್ತೆರಡು ಸಾವಿರ ಇಳಿಯಿತು, ನಮ್ಮ ಕೈಗೆಟುಕಿತು. ನಿನ್ನೆ ಫಿಲೊಮೆನಾ ಫೋನ್ ಮಾಡಿದಳು. ಬೈಯಲಿಲ್ಲ. "ಅಲ್ಲೇ ಕೂತು ಊಟ ಮಾಡಿದೆಯಲ್ಲಮ್ಮ," ಎಂದಳು ಅಷ್ಟೇ, ಇಟ್ಟುಬಿಟ್ಟಳು. ಇಷ್ಟು ಮಾಡಿದ್ದು ನಿನ್ನನ್ನು ದಡಕ್ಕೆ ತರಲಿಕ್ಕೆ. ಮುಂದಿನ ವರ್ಷದ ಕರಾರುಪತ್ರ ಕಂಪನಿಯಿಂದ ಬಂದಿದ್ದರೆ ಸಹಿ ಹಾಕಬೇಡ, ಆರ್ನಿ. ಹಾಕಿದರೆ ಆ ಮುದುಕಿಯ ಅಡುಗೆಮನೆಯನ್ನು ನಾನು ಸುಮ್ಮನೆ ಸೊನ್ನೆ ಮಾಡಿದ ಹಾಗಾಗುತ್ತದೆ.