ಗೋಡೆಯಾಚೆಯ ತಾಳ

ಕುಂದಗೋಳ

ವೆಂಕಣ್ಣ ಕಾಕಾ ಅವರಿಗೆ ಆಸೀಫನ ನಮಸ್ಕಾರ.

ಬಾಜೂ ಮನೆಯಲ್ಲೇ ಇದ್ದು ಪತ್ರ ಬರೆಯುತ್ತಿದ್ದೇನೆ. ನಿಮ್ಮೆದುರು ನಿಂತರೆ ಮಾತು ಬರುವುದಿಲ್ಲ.

ಸೀತಾಬಾಯಿ ಕಾಕು ತಮ್ಮ ಚಷ್ಮಾ ಇಡಲು ಮಾಡಹೇಳಿದ್ದ ಚರ್ಮದ ಪಾಕೀಟು ಇದರ ಜೊತೆಗಿದೆ. ಒಂದು ಬದಿಯ ಹೊಲಿಗೆ ನೆಟ್ಟಗಿದೆ, ಅದು ಅವರಿದ್ದಾಗ ಹೊಲಿದದ್ದು. ಸೊಟ್ಟಗಿರುವುದು ಅವರು ಹೋದ ಮೇಲಿನದು.

ಈ ವಿಲಾಯತಿ ಕೈಹೊಲಿಗೆಯ ಕೆಲಸವನ್ನು ನಾನು ಮೊಬೈಲ್ ನೋಡಿ ಕಲಿತೆನೆಂದು ಎಲ್ಲರೂ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಹೊಲಿಯುವ ಮೊದಲು ಚರ್ಮಕ್ಕೆ ಉಳಿಯಿಟ್ಟು ತೂತು ಹೊಡೆಯಬೇಕು. ಪೆಟ್ಟು ಏರುಪೇರಾದರೆ ಹೊಲಿಗೆ ಕೆಡುತ್ತದೆ. ಹಾಸಿಗೆ ಹಿಡಿದಿದ್ದ ಕಾಕು, ಊರ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು, ನನ್ನ ಸುತ್ತಿಗೆಯ ಸದ್ದು ಕೇಳುತ್ತ ಮಲಗಿರುತ್ತಿದ್ದರು. ಲಯ ತಪ್ಪಿದರೆ ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ಬಡಿಯುತ್ತಿದ್ದರು. “ಆಸೀಫಾ, ಓಡಬ್ಯಾಡೋ. ಸಾಲಿ ಬಿಟ್ಟು ಓಡಿಧಾಂಗ ಅಲ್ಲ ಇದು.”

ವೈಕುಂಠ ಸಮಾರಾಧನೆ ಮುಗಿದ ಮೇಲೆ ನೀವೇ ಬಂದು, “ಇನ್ನ ಸುತ್ತಿಗಿ ಸುರು ಮಾಡಪಾ, ಮನಿ ಭಣಭಣ ಅನಸ್ತದ” ಎಂದಿರಿ. ನಿನ್ನೆ ಸುರು ಮಾಡಿದೆ. ಇಡೀ ದಿನ ಪೆಟ್ಟು ತಪ್ಪಿತು, ಗೋಡೆ ಸುಮ್ಮನಿತ್ತು. ಚರ್ಮಕ್ಕೆ ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ. ಹೊಸದು ಮಾಡಿ ನಿಮಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಸಾಲಿಯಂತೆ ಇದನ್ನೂ ಬಿಟ್ಟುಬಿಡುತ್ತೇನೇನೋ ಎಂದು ಹೆದರಿಕೆಯಾಗಿದೆ. ನಾನು ತಪ್ಪಿದಾಗ ನೀವು ಗೋಡೆ ಬಡಿಯಬೇಕು, ಇಷ್ಟೇ ಕೇಳಿಕೆ. ನಿಮಗೆ ತಾಳ ತಿಳಿಯುವುದಿಲ್ಲವೆಂದು ಕಾಕು ನಗುತ್ತಿದ್ದರು, ಗೊತ್ತು. ತಿಳಿಯದಿದ್ದರೂ ಬಡಿಯಿರಿ.

ಗೋಡೆಯ ಈಚೆಯಿಂದ,
ಆಸೀಫ್