ಅತ್ತೆ ಕಂಡ ಗಿಟಾರ್

ಮನೆಯಿಂದ,
ಶನಿವಾರ, ಹದಿನಾಲ್ಕನೇ ತಾರೀಖು

ನನ್ನ ಮುದ್ದಿನ ನರ್ಸಮ್ಮಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಇಡೀ ದಿನ ವಾರ್ಡಿನಲ್ಲಿ ನಿಂತು, ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ರೋಗಿಗಳ ಕಿವಿ ಹಿಂಡಿ, ಹಾಸ್ಟೆಲಿಗೆ ಬಂದು ನೀನು ಮಾತ್ರ ಬಿಸ್ಕತ್ತು ತಿಂದು ಮಲಗುತ್ತೀಯ ಎಂಬುದು ನನಗೆ ಗೊತ್ತು. ನಿನ್ನ ಜೊತೆ ತರಬೇತಿಗೆ ಬಂದಿರುವ ಗೆಳತಿಯೇ ಫೋನಿನಲ್ಲಿ ಬಾಯಿಬಿಟ್ಟಳು, ಅವಳ ಮೇಲೆ ಸಿಟ್ಟಾಗಬೇಡ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ನನ್ನ ಹೆಬ್ಬೆರಳಿಗೆ ಉಳಿ ತಗುಲಿತ್ತು, ಅದೂ ಮಾಯ್ದಿದೆ. ವಾರವಾರ ಫೋನಿನಲ್ಲಿ ಮಾತಾಡುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನ್ ಮಾಡುವಾಗಲೆಲ್ಲ ನಿನ್ನಮ್ಮ ನನ್ನ ಪಕ್ಕದಲ್ಲೇ ಕೂತಿರುತ್ತಾರೆ ಮಾರಾಯ್ತಿ. ಅವರ ವಿಷಯವನ್ನು ಅವರೆದುರಿಗೇ ಹೇಗೆ ಹೇಳಲಿ? ಅದಕ್ಕೇ ಕೆಳಗೆ ಕೆಲಸದ ಕೋಣೆಗೆ ಬಂದು, ಮರ ಕೀಸುವ ಮೇಜಿನ ಮೇಲೆ ಮರದ ಹೊಟ್ಟು ಸರಿಸಿ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ. ಕಾಗದದಲ್ಲಿ ಹೊಟ್ಟು ಸಿಕ್ಕರೆ ಊದಿಬಿಡು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ನೀನು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಿನ್ನ ತರಬೇತಿ ಮುಗಿಯುವಷ್ಟರಲ್ಲಿ ಅಮ್ಮ ನಮ್ಮ ಜೊತೆ ಇರುವುದೋ ನಿನ್ನಣ್ಣನ ಮನೆಗೆ ವಾಪಸಾಗುವುದೋ ಎಂಬುದು ತೀರ್ಮಾನವಾಗಬೇಕು, ಅಮ್ಮ ಅಲ್ಲಿಗೆ ಹೋದರೆ ನಿನ್ನ ಅರ್ಧ ಮನಸ್ಸು ಅಲ್ಲೇ ಇರುತ್ತದೆ ಎಂದು ನೀನು ಕಣ್ಣೊರೆಸಿಕೊಂಡಿದ್ದೆ. ಅಳಿಯನಿಗೂ ಅತ್ತೆಗೂ ಹಾವು ಮುಂಗುಸಿ ಎಂದು ನಿಮ್ಮ ಕಡೆಯವರೆಲ್ಲ ಮೊದಲೇ ಷರಾ ಬರೆದಾಗಿತ್ತು. ಬಸ್ಸು ಹೊರಟಾಗ ಕಿಟಕಿಯಿಂದ ಕತ್ತು ಹೊರಹಾಕಿ ನೀನು ಕೊನೆಯದಾಗಿ ಕೂಗಿದ್ದು, "ಅಮ್ಮ ಏನೇ ಅಂದ್ರೂ ಹೂಂ ಅಂದ್ಬಿಡಿ." ಆ ಅಪ್ಪಣೆಯನ್ನು ನಾನು ಇಷ್ಟು ದಿನದಲ್ಲಿ ಪಾಲಿಸಿದ್ದು ಒಂದೇ ಒಂದು ಸಲ. ಅದರಿಂದ ಏನಾಯಿತು ಎಂಬುದೇ ಈ ಕಾಗದ.

ನಿನ್ನಮ್ಮ ಸಿನಿಮಾ ಟಾಕೀಸಿನ ಮೇಲಿನ ಗೂಡಿನಲ್ಲಿ ಸಿನಿಮಾ ತೋರಿಸುವ ಯಂತ್ರ ತಿರುಗಿಸಿಕೊಂಡು ನಿಮ್ಮಿಬ್ಬರನ್ನು ಸಾಕಿದ್ದು ನಿನಗೆ ಹೊಸದಲ್ಲ. ನೀನು ಆ ಗೂಡಿನಲ್ಲಿ ಚಾಪೆಯ ಮೇಲೆ ನಿದ್ದೆ ಮಾಡಿ ಬೆಳೆದವಳು. ಒಂದು ಸಂಜೆ ಟಿವಿಯಲ್ಲಿ ಹಳೆಯ ಸಿನಿಮಾ ಬಂತು. ನಾಯಕಿಯ ಅಣ್ಣ ಅಡುಗೆಮನೆಯ ಮೇಜಿನ ಮುಂದೆ ಕೂತು ಗಿಟಾರ್ ಬಾರಿಸುತ್ತಾನಲ್ಲ, ಮದುವೆಯಾಗಿ ಹೋಗುವ ತಂಗಿಗಾಗಿ, ಅದು. ಅತ್ತೆ ಚಾಪೆಯಿಂದ ಎದ್ದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತರು. ಆ ಸಿನಿಮಾವನ್ನು ಅವರು ತಿಂಗಳುಗಟ್ಟಲೆ ಓಡಿಸಿದ್ದರಂತೆ. ಹಾಡು ಬಂದಾಗಲೆಲ್ಲ ಎಲ್ಲ ಕೆಲಸ ಬಿಟ್ಟು ಗೋಡೆಯ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ಆ ಗಿಟಾರನ್ನೇ ನೋಡುತ್ತಿದ್ದರಂತೆ. ಗಿಟಾರ್ ಚೆನ್ನಾಗಿದೆ ಎಂದೆ. ಇಂಥದ್ದೊಂದು ಕೈಯಲ್ಲಿ ಹಿಡಿಯಬೇಕು ಅಂತ ಬಹಳ ಆಸೆಯಿತ್ತು ಎಂದರು. ಅದಕ್ಕೇನು, ಮಾಡಿಕೊಡುತ್ತೇನೆ ಎಂದು ನಾನು ಅಂದದ್ದೇ ತಪ್ಪಾಯಿತು. ಕಿಟಕಿ ಮಾಡುವವರು ಕಿಟಕಿ ಮಾಡಿಕೊಂಡಿರಬೇಕು ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ನನಗೆ ಉರಿದುಹೋಯಿತು. ಮರುದಿನವೇ ಆ ಸಿನಿಮಾದ ಡಿಸ್ಕ್ ಹುಡುಕಿ ತಂದೆ.

ಮಾಡಿದರೆ ಅದರ ಹಾಗೆಯೇ ಇರಬೇಕು, ಒಂದು ಕೂದಲೆಳೆಯಷ್ಟೂ ಆಚೀಚೆ ಆಗಕೂಡದು, ಇದು ಅತ್ತೆಯ ಷರತ್ತು. ನನಗೂ ಅದೇ ಬೇಕಿತ್ತು. ಆದರೆ ಟಿವಿಯೊಳಗಿರುವ ವಸ್ತುವಿಗೆ ಟೇಪು ಹಿಡಿಯುವುದು ಹೇಗೆ? ನಾನು ಬುದ್ಧಿವಂತ ಅಂದುಕೊಂಡು, ಸಿನಿಮಾದ ಅಣ್ಣನ ಹಿಂದಿದ್ದ ಗೋಡೆಯ ಇಟ್ಟಿಗೆಗಳನ್ನು ಎಣಿಸಿ, ಆ ಲೆಕ್ಕದಲ್ಲಿ ರಟ್ಟು ಕತ್ತರಿಸಿದೆ. ಅದರ ಮೇಲೆ ಒಂದು ಮಗುವನ್ನು ಮಲಗಿಸಬಹುದಿತ್ತು. ಗೋಡೆ ದೂರದಲ್ಲಿದೆ, ಗಿಟಾರ್ ಹತ್ತಿರದಲ್ಲಿದೆ, ದೂರದ್ದು ಚಿಕ್ಕದಾಗಿ ಕಾಣುತ್ತದೆ ಎಂಬಷ್ಟೂ ಗೊತ್ತಿಲ್ಲವೇ ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಾಡಿನ ನಡುವೆ ಅಣ್ಣ ಸಿಗರೇಟು ಹಚ್ಚಿ ಬೆಂಕಿಪೊಟ್ಟಣವನ್ನು ಗಿಟಾರಿನ ಮೇಲೆಯೇ ಇಡುತ್ತಾನೆ ಎಂದೂ ಅವರೇ ಹೇಳಿದ್ದು. ಡಿಸ್ಕ್ ಹಾಕಿ ನೋಡಿದರೆ ಹೌದು, ಇಡುತ್ತಾನೆ! ನಮ್ಮನೆಯ ಬೆಂಕಿಪೊಟ್ಟಣವೇ ಅಳತೆಗೋಲಾಯಿತು. ಅಲ್ಲಿಂದ ಮುಂದೆ ಅವರು ಹೇಳಿದ್ದೆಲ್ಲ ಸರಿಯಾಗುತ್ತಾ ಹೋಯಿತು. ನಾದ ಹೊರಡುವ ತೂತು ಗುಂಡಗಿಲ್ಲ, ಮೊಟ್ಟೆಯಾಕಾರ ಎಂದರು, ಹೌದು. ತಂತಿ ಬಿಗಿಯುವ ಬಿರಡೆಗಳಲ್ಲಿ ಒಂದರ ಬಣ್ಣ ಮಾತ್ರ ಬೇರೆ ಎಂದರು, ಹೌದು. ತೂತಿನ ಕೆಳಗೆ ಒಡೆದ ಜಾಗಕ್ಕೆ ತೇಪೆ ಹಾಕಿದೆ ಎಂದರು, ಅದೂ ಹೌದು. ಹೊಸ ಗಿಟಾರಿಗೆ ತೇಪೆ ಹಾಕಲು ನನಗೆ ಮೊದಲು ಕೈ ಬರಲಿಲ್ಲ, ಷರತ್ತು ಷರತ್ತೇ ಎಂದು ಅತ್ತೆ ಬಿಡಲಿಲ್ಲ. ನಾನು ನಲವತ್ತರ ಪ್ರಾಯದಲ್ಲಿ ಚೆನ್ನಾಗಿರುವ ಮರವನ್ನು ಬೇಕೆಂದೇ ಒಡೆದು, ಮತ್ತೆ ತೇಪೆ ಹಾಕಿದ ಕಥೆಯನ್ನು ಯಾವ ಬಡಗಿಗೂ ಹೇಳಬೇಡ.

ಗಿಟಾರಿನ ಪಕ್ಕದ ಪಟ್ಟಿಗಳನ್ನು ಬಗ್ಗಿಸುವುದು ಮಾತ್ರ ಪ್ರಾಣ ತಿಂದಿತು. ತೆಳ್ಳಗೆ ಸೀಳಿದ ಪಟ್ಟಿಯನ್ನು ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಒತ್ತಿ ಸೊಂಟದ ತಿರುವು ತರಬೇಕು. ಸ್ವಲ್ಪ ಅವಸರ ಮಾಡಿದರೆ ಟಪ್ ಎಂದು ಮುರಿಯುತ್ತದೆ. ಅತ್ತೆ ಸ್ಟೂಲಿನ ಮೇಲೆ ಕೂತು ಕೆಟಲ್ಲಿನಿಂದ ಬಿಸಿನೀರು ಹನಿಸುತ್ತಾ, ಮೆಲ್ಲಗೆ ಮೆಲ್ಲಗೆ ಎಂದು ನನ್ನ ಜೀವ ಹಿಂಡುತ್ತಿದ್ದರು. ಪಟ್ಟಿ ಮುರಿದಾಗಲೆಲ್ಲ ಅವರೂ ಬೈದರು, ನಾನೂ ಬೈದೆ. ಕಡೆಗೊಮ್ಮೆ ಪಟ್ಟಿ ಬಗ್ಗಿ ಅಚ್ಚಿನಲ್ಲಿ ಕೂತಾಗ ಇಬ್ಬರೂ ಚಹಾ ಮಾಡಿಕೊಂಡು ಕುಡಿದೆವು. ನಿಜ ಹೇಳುತ್ತೇನೆ, ನನಗೆ ಕೆಲಸದಲ್ಲಿ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಬೆಳಗ್ಗೆ ಎದ್ದರೆ ಯಾವಾಗ ಕೆಳಗೆ ಇಳಿದು ಇವರ ಹತ್ತಿರ ಜಗಳ ಶುರುಮಾಡುವುದು ಎಂದು ಅನ್ನಿಸುತ್ತಿತ್ತು.

ಕೆಲಸ ಕೆಟ್ಟಿದ್ದು ಬಣ್ಣದಲ್ಲಿ. ಡಿಸ್ಕಿನಲ್ಲಿ ಆ ಗಿಟಾರ್ ತಿಳಿಹಳದಿ. ಅತ್ತೆ ಅದು ಕೆಂಪು, ಒಳ್ಳೆ ದಾಳಿಂಬೆ ಕೆಂಪು ಎಂದು ಪಟ್ಟು ಹಿಡಿದರು. ಟಿವಿ ನೋಡಿ ಎಂದರೆ, ಟಿವಿಯವರು ಬಣ್ಣ ತೊಳೆದು ಹಾಕಿದ್ದಾರೆ ಎಂದರು. ಬೆಂಕಿಪೊಟ್ಟಣ, ಬಿರಡೆ, ತೇಪೆ ಎಲ್ಲವನ್ನೂ ಸರಿಯಾಗಿ ಹೇಳಿದವಳು ಬಣ್ಣ ಮರೆಯುತ್ತೇನಾ ಎಂದು ನನ್ನನ್ನೇ ಕೇಳಿದರು. ನಮ್ಮಿಬ್ಬರ ಮಾತು ನಿಂತುಹೋಯಿತು. ಊಟಕ್ಕೆ ಬಾ ಎಂಬುದನ್ನೂ ತಟ್ಟೆ ಕುಕ್ಕಿ ತಿಳಿಸುತ್ತಿದ್ದರು. ನೀನು ಫೋನ್ ಮಾಡಿದಾಗ ಇಬ್ಬರೂ ಎಷ್ಟು ಸಕ್ಕರೆಯಾಗಿ ಮಾತಾಡಿದೆವು ನೆನಪಿದೆಯಾ? ಅದು ಆ ವಾರವೇ.

ಸೋಲುವ ಮನಸ್ಸು ನನಗಿರಲಿಲ್ಲ. ಹಾಡನ್ನು ಮತ್ತೆ ಮತ್ತೆ ನೋಡಿ ಒಂದು ಉಪಾಯ ಹುಡುಕಿದೆ. ಆ ದೃಶ್ಯದಲ್ಲಿ ಮೇಜಿನ ಮೇಲೆ ಒಂದು ಲೋಟ ಹಾಲಿದೆ. ಅತ್ತೆ ಬಟ್ಟೆ ಮಡಚುತ್ತಿದ್ದರು. ನಾನು ಹೋಗಿ, ಆ ಹಾಲಿನ ಬಣ್ಣ ಯಾವುದಿತ್ತು ಅತ್ತೆ, ಕಣ್ಣುಮುಚ್ಚಿ ನೆನಪಿಸಿಕೊಂಡು ಹೇಳಿ ಎಂದೆ. ಅವರು ಕಣ್ಣು ಮುಚ್ಚಿದರು. ಗುಲಾಬಿ ಎಂದು ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದರು. ಕಣ್ಣು ತೆರೆದು ಅವರೇ ವಿವರಿಸಿದರು. ಸಿನಿಮಾದ ಸುರುಳಿ ಹಳತಾದ ಹಾಗೆ ಬಣ್ಣವೆಲ್ಲ ಹೋಗಿ ಕೆಂಪು ಮಾತ್ರ ಉಳಿಯುತ್ತದಂತೆ. ದೊಡ್ಡ ಟಾಕೀಸುಗಳಲ್ಲೆಲ್ಲ ಓಡಿ ಸುಸ್ತಾದ ಸುರುಳಿಗಳೇ ಇವರ ಸಣ್ಣ ಟಾಕೀಸಿಗೆ ಬರುತ್ತಿದ್ದವು. ಬೇರೆ ಸಿನಿಮಾಗಳಲ್ಲಿ ಮುಖಗಳೆಲ್ಲ ಕೆಂಪಾದಾಗ ಗೊತ್ತಾಗುತ್ತಿತ್ತಂತೆ, ಆದರೆ ಈ ಗಿಟಾರ್ ಅಷ್ಟು ಚೆಂದ ಕಂಡದ್ದರಿಂದ ಅದರ ಬಣ್ಣವನ್ನು ಅನುಮಾನಿಸಲೇ ಇಲ್ಲವಂತೆ. ಇಷ್ಟು ಹೇಳಿ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು. ಗೆದ್ದೆ ಎಂದು ಬೆನ್ನು ತಟ್ಟಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಅಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಒಂದು ಲೋಟ ಹಾಲು ತೋರಿಸಿ ಕಿತ್ತುಕೊಂಡೆನಲ್ಲ ಎಂದು ಬೇಜಾರಾಯಿತು.

ಆಗ ಹೂಂ ಅನ್ನಬೇಕೆಂಬ ನಿನ್ನ ಅಪ್ಪಣೆ ನೆನಪಾಯಿತು. ಅತ್ತೆ ವೈದ್ಯರ ಹತ್ತಿರ ಮಂಡಿ ತೋರಿಸಿಕೊಂಡು ಬರುವಷ್ಟರಲ್ಲಿ ಗಿಟಾರಿಗೆ ದಾಳಿಂಬೆ ಕೆಂಪು ಹಚ್ಚಿ ಕಿಟಕಿಯ ಹತ್ತಿರ ಒಣಗಲು ತೂಗುಹಾಕಿದೆ. ಎಷ್ಟು ಚೆಂದ ಇತ್ತು ಗೊತ್ತಾ! ಅವರು ಬಂದು ನೋಡಿದರು. ಇದೇನು ಎಂದರು. ನಿಮ್ಮ ಮಾತೇ ಇರಲಿ ಅತ್ತೆ, ಕೆಂಪೇ ಸರಿ ಎಂದೆ. ನಕ್ಕಾರು ಎಂದು ಕಾಯುತ್ತಿದ್ದೆ. ಮುಖ ಕಪ್ಪಿಟ್ಟಿತು. ಮೇಲೆ ಹೋಗಿ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು. ಮಗನಿಗೆ ಫೋನ್ ಮಾಡು, ಬಂದು ಕರೆದುಕೊಂಡು ಹೋಗಲಿ ಎಂದರು. ನಿನ್ನ ಮುಖ ಕಣ್ಣೆದುರಿಗೆ ಬಂತು. ನಾನು ಬಾಗಿಲಿಗೆ ಅಡ್ಡ ನಿಂತು, ಮಾಡಿದ್ದೇನು ಎಂಬುದನ್ನಾದರೂ ಹೇಳಿ ಎಂದು ಬೇಡಿಕೊಂಡೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಮರೆಯಲು ಸಾಧ್ಯವಿಲ್ಲ.

"ಅಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ರೂ ನಾನು ಏನಂದ್ರೂ ಹೂಂ ಅಂತಾರೆ. ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಈ ಮುದುಕಿ ಏನೋ ಅಂತಾಳೆ, ಅಂದ್ಕೊಳ್ಲಿ ಬಿಡು ಅಂತ ಹೂಂ ಅನ್ನೋದು. ನೀನೊಬ್ಬ ನನ್ನ ಮಾತನ್ನ ಮಾತು ಅಂತ ತಗೊಂಡು ಜಗಳಕ್ಕೆ ಬರ್ತಿದ್ದೆ. ಈಗ ನೀನೂ ಹೂಂ ಅಂದ್ಬಿಟ್ಯಲ್ಲ."

ಕೆಳಗೆ ಹೋಗಿ ಗಿಟಾರ್ ಇಳಿಸಿ, ಹಸಿ ಬಣ್ಣವನ್ನು ಒರೆಸಿ, ಕೆರೆಯಲು ಕೂತೆ. ಬಣ್ಣ ಮರದೊಳಕ್ಕೆ ಇಳಿದಿತ್ತು, ತೆಳ್ಳನೆಯ ಹಲಗೆ ತೂತಾದೀತು ಎಂದು ಜೀವ ಕೈಯಲ್ಲಿ ಹಿಡಿದು ಕೆರೆದೆ. ಎಷ್ಟೋ ಹೊತ್ತಿನ ಮೇಲೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದಾಯಿತು. ಸ್ಟೂಲು ಎಳೆದುಕೊಂಡು ಕೂತು, ಮರಳುಕಾಗದ ಕೈಗೆತ್ತಿಕೊಂಡು, ಮರದ ಎಳೆಗೆ ಅಡ್ಡ ಉಜ್ಜುತ್ತಿದ್ದೀಯಲ್ಲೋ ಎಂದು ಬೈದರು. ನಾನು ಅಡ್ಡ ಉಜ್ಜುತ್ತಿರಲಿಲ್ಲ. ಅಲ್ಲ ಎಂದು ನೇರವಾಗಿ ಹೇಳಿದೆ. ನನಗೆ ಕಣ್ಣಲ್ಲಿ ನೀರು ಬಂದಿತ್ತು, ಹೊಟ್ಟು ಬಿತ್ತು ಎಂದು ಒರೆಸಿಕೊಂಡೆ. ಹಳದಿ ಹಚ್ಚಿದಾಗ ಇದು ನಿಂಬೆಹಣ್ಣು, ಅಲ್ಲಿರುವುದು ಬೆಣ್ಣೆ ಎಂದು ಇನ್ನೊಂದು ಗಲಾಟೆಯಾಯಿತು. ಅದರಲ್ಲಿ ಅವರು ಗೆದ್ದರು, ನ್ಯಾಯವಾಗಿಯೇ ಗೆದ್ದರು. ತೇಪೆಯ ಸಂದಿಯಲ್ಲಿ ಒಂದು ಎಳೆ ಕೆಂಪು ಉಳಿದುಕೊಂಡಿದೆ. ಎಷ್ಟು ಕೆರೆದರೂ ಹೋಗಲಿಲ್ಲ. ಅದೊಂದು ತಪ್ಪು ಬಿಟ್ಟರೆ ಉಳಿದದ್ದೆಲ್ಲ ಸಿನಿಮಾದ್ದೇ.

ಮೊನ್ನೆ ಎದುರಿನ ಕ್ಷೌರದಂಗಡಿಯವರು ಬಂದು ತಂತಿ ಕಟ್ಟಿ ಶ್ರುತಿ ಮಾಡಿಕೊಟ್ಟರು. ಅವರು ಹರೆಯದಲ್ಲಿ ವಾದ್ಯಗೋಷ್ಠಿಯಲ್ಲಿದ್ದವರಂತೆ, ಈಗಲೂ ಕತ್ತರಿಯಾಡಿಸುವಾಗ ತಾಳ ತಪ್ಪುವುದಿಲ್ಲ. ಅವರು ಬಾರಿಸಿದರು, ಅತ್ತೆ ಅವರ ತೀರಾ ಎದುರಿಗೆ ಕೂತು ಕೇಳಿದರು. ನಾದ ಸ್ವಲ್ಪ ತೆಳು, ಕಿಟಕಿಯವನ ಗಿಟಾರ್ ತಾನೇ. ಆಮೇಲೆ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ತಂತಿಯನ್ನು ಮೀಟಿದರು, ಸದ್ದು ಪೂರ್ತಿ ಅಡಗುವ ತನಕ ಕಾದು ಮತ್ತೆ ಮೀಟಿದರು. ಈ ಕಾಗದ ಬರೆಯುವಾಗಲೂ ಮೇಲಿಂದ ಅದೇ ಕೇಳಿಸುತ್ತಿದೆ. ಇರುತ್ತಾರೋ ಹೋಗುತ್ತಾರೋ ಎಂದು ನಾನು ಮತ್ತೆ ಕೇಳಿಲ್ಲ, ಅವರೂ ಹೇಳಿಲ್ಲ. ಬಾಯಿಬಿಟ್ಟು ಕೇಳಲು ನನಗೆ ಧೈರ್ಯವಿಲ್ಲ. ಹೋಗುತ್ತೇನೆ ಎಂದುಬಿಟ್ಟರೆ ನಿನಗಿಂತ ಮೊದಲು ನಾನೇ ಅಳುತ್ತೇನೆ ಎಂಬುದು ಈಗ ಗೊತ್ತಾಗಿದೆ. ನೀನು ಬಂದ ಮೇಲೆ ನೀನೇ ಕೇಳು.

ಹೊಟ್ಟೆ ತುಂಬಾ ಊಟ ಮಾಡು. ಬಾಯಿಬಿಟ್ಟ ಆ ಗೆಳತಿಗೆ ನನ್ನ ವಿಶೇಷ ನಮಸ್ಕಾರ ತಿಳಿಸು. ಪರೀಕ್ಷೆ ಚೆನ್ನಾಗಿ ಬರೆದು ಬೇಗ ಬಾ, ಮನೆ ನಿನ್ನ ದಾರಿ ಕಾಯುತ್ತಿದೆ, ಮನೆಗಿಂತ ಹೆಚ್ಚಾಗಿ ನಾನು.

ಇಂತು ನಿನ್ನ,
ಕಿಟಕಿಯವನು

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅತ್ತೆ ಕೆಳಗೆ ಬಂದು ಮಗಳಿಗೆ ಏನು ಬರೆದೆ ಓದು ಎಂದರು. ತಪ್ಪಿಸಿಕೊಳ್ಳಲು ಆಗಲಿಲ್ಲ, ಓದಿದೆ. ಅರ್ಧಕ್ಕರ್ಧ ಸುಳ್ಳು, ಪಟ್ಟಿ ಮುರಿದಾಗ ನಾನು ಬೈದೇ ಇಲ್ಲ ಎಂದರು. ಬೈದಿರಿ ಎಂದೆ. ಆಮೇಲೆ ಅವರೇ ಹೇಳಿದರು: "ನಾನು ಇಲ್ಲೇ ಇರ್ತೀನಿ ಅಂತ ಬರಿ. ಗಿಟಾರಿಗೋಸ್ಕರ ಅಲ್ಲ ಅಂತಾನೂ ಬರಿ." ಗಿಟಾರಿಗೋಸ್ಕರವೇ ಎಂದು ನಾನಂದೆ. ಅಲ್ಲ ಅಂದರು. ಅಂಚೆಯ ಹೊತ್ತಾಗುತ್ತಿದೆ, ನಮ್ಮ ಜಗಳ ಇನ್ನೂ ಮುಗಿದಿಲ್ಲ. ನೀನು ನಿಶ್ಚಿಂತೆಯಿಂದ ನಿದ್ದೆ ಮಾಡು.